ವಿದ್ಯಾರ್ಥಿ ಜರ್ನಲ್‌ಗೆ ಪೇಪರ್ ಕಳಿಸುವ ಮೊದಲು: ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮೇಡಂ ಮೈಕ್ರೋಬಯಾಲಜಿ ಪಾಠ ಮಾಡಿ ನಿವೃತ್ತರಾದವರು. ಪದವಿ ವಿದ್ಯಾರ್ಥಿಗಳ ಪೇಪರ್ ಓದಿ ತಿದ್ದಿಕೊಡುತ್ತಾರೆ. ಇವತ್ತು ರಾತ್ರಿ ಒಂಬತ್ತರವರೆಗೆ ಕೇಳಿ.

ಧಾರವಾಡದ ವಿದ್ಯಾರ್ಥಿ: ಮೇಡಂ, ಒಂದು ಜರ್ನಲ್‌ನವರು 1,800 ರೂಪಾಯಿ ಕೇಳ್ತಿದ್ದಾರೆ. ಐಎಸ್‌ಎಸ್‌ಎನ್ ಇದೆ. ಕಟ್ಟಬಹುದಾ?

ಮೇಡಂ: ಐಎಸ್‌ಎಸ್‌ಎನ್ ಅಂದರೆ ಪತ್ರಿಕೆಗೆ ಕೊಡುವ ಗುರುತಿನ ಸಂಖ್ಯೆ, ಅಷ್ಟೇ. ಗುಣಮಟ್ಟಕ್ಕೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮ ಪೇಪರ್ ಓದಿದವರು ಏನು ತಪ್ಪು ತೋರಿಸಿದರು ಅಂತ ಕೇಳಿ. ಉತ್ತರ ಬರದಿದ್ದರೆ ಕಟ್ಟಬೇಡಿ.

ಮಂಡ್ಯದ ವಿದ್ಯಾರ್ಥಿನಿ: ಯುಜಿಸಿ ಕೇರ್ ಲಿಸ್ಟ್‌ನಲ್ಲಿರುವ ವಿದ್ಯಾರ್ಥಿ ಜರ್ನಲ್ ಯಾವುದು ಮೇಡಂ?

ಮೇಡಂ: ನಂಬಬಹುದಾದ ಜರ್ನಲ್‌ಗಳು ಅಂತ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಮಾಡಿದ್ದ ಪಟ್ಟಿ ಅದು. ಅದನ್ನು ನಿಲ್ಲಿಸಿದ್ದೇವೆ ಅಂತ 2025ರ ಫೆಬ್ರವರಿಯಲ್ಲೇ ಹೇಳಿತು. ಯಾರಾದರೂ 'ಕೇರ್ ಜರ್ನಲ್' ಅಂತ ಈಗಲೂ ಜಾಹೀರಾತು ಕಳಿಸಿದರೆ ದೂರ ಇರಿ.

ಹಾಸನದ ವಿದ್ಯಾರ್ಥಿನಿ: ನಮಸ್ತೆ ಮೇಡಂ. ಆರನೇ ಸೆಮಿಸ್ಟರ್ ಪ್ರಾಜೆಕ್ಟ್. ದೊಡ್ಡಪತ್ರೆ ಎಲೆಯ ಎಥನಾಲ್ ಸಾರ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡುತ್ತಾ ಅಂತ ನೋಡಿದೆ. ಬ್ಯಾಕ್ಟೀರಿಯಾ ಹರಡಿದ ಅಗಾರ್ ಪದರದಲ್ಲಿ ಬಾವಿ (ಪುಟ್ಟ ಗುಂಡಿ) ಕೊರೆದು ಸಾರ ಹಾಕಿದೆ. ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗ, ಅಂದರೆ ಝೋನ್, ಸರಾಸರಿ 14.2 ಮಿ.ಮೀ., ± 0.1, ಮೂರು ಪ್ಲೇಟ್. ಎರಡೇ ದಿನಕ್ಕೆ ಪೇಪರ್ ಅಕ್ಸೆಪ್ಟ್ ಆಯ್ತು. ಕಾಪಿರೈಟ್ ಫಾರ್ಮ್‌ಗೆ ಸೈನ್ ಹಾಕಿ ದುಡ್ಡು ಕಳಿಸಿ ಅಂತಿದ್ದಾರೆ. ಟೇಬಲ್ ಹೆಸರು ಮೇಲೆ ಬರಬೇಕಾ, ಕೆಳಗಾ?

ಮೇಡಂ: ಅದು ಆಮೇಲೆ. ಝೋನ್ ಅಳೆದದ್ದು ಯಾವುದರಲ್ಲಮ್ಮ?

ಹಾಸನದ ವಿದ್ಯಾರ್ಥಿನಿ: ಸ್ಕೇಲ್ ಮೇಡಂ. ಪೂರ್ತಿ ಮಿಲಿಮೀಟರ್‌ಗೆ ಬರೆದುಕೊಂಡೆ.

ಮೇಡಂ: ಹಾಗಾದರೆ ಒಂದು ಲೆಕ್ಕ ಮಾಡು. ಮೂರೂ ಪ್ಲೇಟ್‌ನಲ್ಲಿ 14 ಬಂದರೆ ಸರಾಸರಿ 14.0. ಒಂದರಲ್ಲಿ 15 ಬಂದರೆ 14.3. ನಡುವೆ 14.2 ಬರೋಕೆ ದಾರಿಯೇ ಇಲ್ಲ. ± ಅಂದರೆ ಅಳತೆಗಳ ಏರುಪೇರು, ಮೂರೂ ಒಂದೇ ಆಗಿದ್ದರೆ ಅದು ಸೊನ್ನೆ. ಒಂದು ಬೇರೆ ಆದರೂ ಅದು 0.6ರ ಹತ್ತಿರ ಹೋಗುತ್ತೆ. 0.1 ಎಲ್ಲಿಂದ ಬಂತು? ಬೈಯೋಕೆ ಕೇಳ್ತಿಲ್ಲ.

ಹಾಸನದ ವಿದ್ಯಾರ್ಥಿನಿ: ನಿಜ ಹೇಳ್ತೀನಿ ಮೇಡಂ. ಸರಿ ಬಂದದ್ದು ಒಂದೇ ಪ್ಲೇಟ್. 14 ಇತ್ತು. ಉಳಿದ ಎರಡಕ್ಕೆ ಬೂಷ್ಟು ಬಂತು. 14.1, 14.2, 14.3 ಅಂತ ಬರೆ, ಯಾರೂ ನೋಡಲ್ಲ ಅಂತ ಸೀನಿಯರ್ ಒಬ್ಬರು ಹೇಳಿದರು.

ಮೇಡಂ: ಹೇಳಿದ್ದು ಒಳ್ಳೆಯದಾಯಿತು. ಈಗಲೇ ಆ ಜರ್ನಲ್‌ಗೆ ಮೇಲ್ ಬರೆ: ಪೇಪರ್ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ, ಪ್ರಕಟಿಸಬೇಡಿ. ಫಾರ್ಮ್‌ಗೆ ಸೈನ್ ಬೇಡ. ದುಡ್ಡೂ ಬೇಡ. ಗೈಡ್‌ಗೂ ನೀನೇ ಹೇಳು. ಅಚ್ಚಾದ ಮೇಲೆ ಆ ಅಂಕಿ ನಿನ್ನ ಹೆಸರಿನ ಜೊತೆಗೇ ಉಳಿಯುತ್ತೆ. ಇವತ್ತಾದರೆ ಒಂದು ಮೇಲ್‌ನಲ್ಲಿ ಮುಗಿಯುತ್ತೆ.

ಇನ್ನೊಂದು ಮಾತು. ಬರೀ ಎಥನಾಲ್ ಹಾಕಿದ ಬಾವಿ ಇಟ್ಟಿದ್ದೆಯಾ? ಇಲ್ಲ ಅನ್ಸುತ್ತೆ. ಎಥನಾಲ್ ತಾನೇ ಬ್ಯಾಕ್ಟೀರಿಯಾ ಕೊಲ್ಲುತ್ತೆ. ದೊಡ್ಡಪತ್ರೆ ಎಣ್ಣೆಯಲ್ಲಿ ಕಾರ್ವಕ್ರೋಲ್ ಅನ್ನೋ ರಾಸಾಯನಿಕ ಇರುತ್ತೆ, ಅದೂ ಕೊಲ್ಲಬಲ್ಲದು. ನಿನ್ನ 14ರಲ್ಲಿ ಯಾರ ಪಾಲು ಎಷ್ಟು? ಬಾವಿಯ ಅಗಲವನ್ನೂ ಬರೆ. ಬಾವಿಯೇ 6 ಮಿ.ಮೀ. ಇದ್ದರೆ, 6 ಅಂತ ಅಳೆದದ್ದು ಝೋನ್ ಅಲ್ಲವೇ ಅಲ್ಲ. ಮೂರು ಬೇರೆ ದಿನ, ಹೊಸ ಕಲ್ಚರ್ (ಬೆಳೆಸಿದ ಬ್ಯಾಕ್ಟೀರಿಯಾ) ತೆಗೆದು ಮಾಡು. ಒಂದೇ ದಿನ ಒಂದೇ ಕಲ್ಚರ್‌ನಿಂದ ಮೂರು ಪ್ಲೇಟ್ ಸುರಿದರೆ ನಿನ್ನ ಕೈ ಎಷ್ಟು ಹದವಾಗಿದೆ ಅಂತ ಮಾತ್ರ ಗೊತ್ತಾಗೋದು. ಎಥನಾಲ್‌ಗೂ ಸಾರಕ್ಕೂ ವ್ಯತ್ಯಾಸ ಬರದಿದ್ದರೆ ಅದನ್ನೇ ಬರೆ. ನಾನು ಓದುತ್ತೇನೆ.

ಬಳ್ಳಾರಿಯ ಸದಸ್ಯ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ: 'ಪೇಪರ್‌ನ ಬೇರೆ ಭಾಷೆಗೆ ಹಾಕಿ ಮತ್ತೆ ಇಂಗ್ಲಿಷ್‌ಗೆ ತನ್ನಿ. ಪ್ಲೇಜಿಯರಿಸಂ (ನಕಲು) ಶೇ. 5ಕ್ಕೆ ಇಳಿಯುತ್ತೆ.'

ಮೇಡಂ: ದಯವಿಟ್ಟು ಇದನ್ನು ಹಂಚಬೇಡಿ. ಹೀಗೆ ಪದ ತಿರುಚಿದ ಪೇಪರ್‌ಗಳನ್ನು ಫ್ರಾನ್ಸ್‌ನ ಗಿಯೋಮ್ ಕಬನಾಕ್ ಮತ್ತು ಜೊತೆಗಾರರು 2021ರಲ್ಲಿ ಬಯಲಿಗೆ ತಂದರು. 'ಆರ್ಟಿಫಿಷಿಯಲ್ ಇಂಟೆಲಿಜೆನ್ಸ್' ಹೋಗಿ 'ಕೌಂಟರ್‌ಫೀಟ್ ಕಾನ್ಷಸ್‌ನೆಸ್' (ನಕಲಿ ಪ್ರಜ್ಞೆ) ಆಗಿತ್ತು. 'ಬ್ರೆಸ್ಟ್ ಕ್ಯಾನ್ಸರ್' 'ಬುಝಮ್ ಪೆರಿಲ್' (ಎದೆಯ ಅಪಾಯ) ಆಗಿತ್ತು. ಈಗ ಅಂಥ ಪದ ಹುಡುಕೋಕೆ ತಂತ್ರಾಂಶವೇ ಇದೆ. ಕದ್ದದ್ದು ಕದ್ದದ್ದೇ, ಪದ ಬದಲಾದರೂ.

ಬಳ್ಳಾರಿಯ ಸದಸ್ಯ: ಸಹಾಯ ಆಗಲಿ ಅಂತ ಹಾಕಿದೆ ಮೇಡಂ.

ಮೇಡಂ: ಅಳಿಸಿ.

ತುಮಕೂರಿನ ಉಪನ್ಯಾಸಕ: ವಿದ್ಯಾರ್ಥಿ ಪೇಪರ್‌ನಲ್ಲಿ ಗೈಡ್ ಹೆಸರು ಮೊದಲು ಬರಬೇಕು ಅಂತ ಮೇಡಂ ಸ್ಪಷ್ಟಪಡಿಸಲಿ. ಐಡಿಯಾ ನಮ್ಮದು, ಲ್ಯಾಬ್ ನಮ್ಮದು.

ಮೈಸೂರಿನ ಹಳೇ ವಿದ್ಯಾರ್ಥಿ: ಲ್ಯಾಬ್ ಕಾಲೇಜಿನದು ಸರ್. ಪ್ಲೇಟ್ ತೊಳೆದವರು ನಾವು. ನನ್ನ ಹೆಸರು ಮೂರನೆಯದಾಗಿ ಬಂತು. ಎರಡನೇ ಹೆಸರಿನವರ ಮುಖವನ್ನೇ ನಾನು ನೋಡಿಲ್ಲ.

ತುಮಕೂರಿನ ಉಪನ್ಯಾಸಕ: ಭಾನುವಾರ ಬಂದು ಇನ್ಕ್ಯುಬೇಟರ್ ತೆಗೆದುಕೊಟ್ಟವರು ಯಾರು? ಪೆಟ್ರಿ ಡಿಶ್‌ಗೆ ಎಷ್ಟು ಸಲ ನನ್ನ ಜೇಬಿನಿಂದ ಕೊಟ್ಟಿದ್ದೇನೆ ಗೊತ್ತಾ? ಈಗಿನವರಿಗೆ ಆ ಋಣವೇ ಇಲ್ಲ.

ಮೈಸೂರಿನ ಹಳೇ ವಿದ್ಯಾರ್ಥಿ: ಋಣಕ್ಕೆ ಕೃತಜ್ಞತೆ ಅಂತ ಒಂದು ಭಾಗ ಇದೆ ಸರ್. ಮುಖ ನೋಡದವರ ಹೆಸರು ಹಾಕೋದು ಯಾವ ಋಣ?

ತುಮಕೂರಿನ ಉಪನ್ಯಾಸಕ: ಮಾತು ನೋಡಿಕೊಂಡು ಆಡು.

ಮಂಗಳೂರಿನ ವಿದ್ಯಾರ್ಥಿ: ಮೇಡಂ, ಸೌರಫಲಕದ ಮೇಲಿನ ಧೂಳಿನ ಬಗ್ಗೆ ನಾಲ್ಕು ತಿಂಗಳ ಅಳತೆ ಇದೆ. ಮಳೆ ದಿನಗಳನ್ನು ಬಿಡಬಹುದಾ?

ಮೇಡಂ: ಸರ್, ನೀವು ಜೇಬಿನಿಂದ ಹಾಕಿದ್ದು ದೊಡ್ಡ ಮಾತು. ಆದರೂ ಹೆಸರಿನ ಕ್ರಮ ಕೆಲಸ ನೋಡಿ ಬರಬೇಕು, ಹುದ್ದೆ ನೋಡಿ ಅಲ್ಲ. ಪ್ರಯೋಗ ಮಾಡಿ, ಮೊದಲ ಕರಡು ಬರೆದವರು ಮೊದಲು. ಏನೂ ಮಾಡದವರು ಎಲ್ಲೂ ಬೇಡ. ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ಕಲಬುರಗಿಯ ಸದಸ್ಯೆ: ಕೇರ್ ಲಿಸ್ಟ್ ಪಿಡಿಎಫ್ ಇದ್ದರೆ ಹಾಕಿ.

ಮೇಡಂ: ಮೇಲೆ ಓದಿ.

ಧಾರವಾಡದ ವಿದ್ಯಾರ್ಥಿ: ಒಂದೇ ಪೇಪರ್ ಎರಡು ಜರ್ನಲ್‌ಗೆ ಕಳಿಸಬಹುದಾ? ಬೇಗ ಆಗ್ಲಿ ಅಂತ.

ಮೇಡಂ: ಒಟ್ಟಿಗೆ ಬೇಡ. ಒಂದು ಕಡೆ ಬೇಡ ಅಂದ ಮೇಲೆ ಇನ್ನೊಂದು ಕಡೆ.

ಮಂಡ್ಯದ ವಿದ್ಯಾರ್ಥಿನಿ: ರೆಸೊನೆನ್ಸ್‌ಗೆ ಪ್ರಾಜೆಕ್ಟ್ ರಿಪೋರ್ಟ್ ಕಳಿಸಲಾ?

ಮೇಡಂ: ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 1996ರಿಂದ ತರುತ್ತಿರುವ ಪತ್ರಿಕೆ ಅದು, ವಿಜ್ಞಾನ ಶಿಕ್ಷಣಕ್ಕೆ. ಒಂದು ವಿಷಯವನ್ನು ಚೆನ್ನಾಗಿ ಬಿಡಿಸಿ ಹೇಳುವ ಬರಹ ಇದ್ದರೆ ಕಳಿಸಿ. ರಿಪೋರ್ಟ್ ಹಾಗೇ ಕಳಿಸಬೇಡಿ. ಮೊದಲು ನಾಲ್ಕು ಸಂಚಿಕೆ ಓದಿ, ಅಕಾಡೆಮಿ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತೆ.

ತುಮಕೂರಿನ ಉಪನ್ಯಾಸಕ: ಪ್ರಮೋಷನ್‌ಗೆ ಪೇಪರ್ ಕೇಳುವವರಿಗೂ ಇದನ್ನೇ ಹೇಳಿ ಮೇಡಂ. ನಮ್ಮ ಮೇಲಷ್ಟೇ ಯಾಕೆ?

ಅಡ್ಮಿನ್: ಸರ್, ಸಾಕು. ಒಂಬತ್ತು ಆಯ್ತು.

ಹಾಸನದ ವಿದ್ಯಾರ್ಥಿನಿ: ಮೇಲ್ ಕಳಿಸಿದೆ ಮೇಡಂ. ಗೈಡ್‌ಗೂ ಫೋನ್ ಮಾಡಿದೆ. ಬೇಜಾರಾದರು, ಆದರೆ ಸೋಮವಾರ ಲ್ಯಾಬ್ ಬೀಗದ ಕೈ ಕೊಡ್ತಾರಂತೆ.

ಮೇಡಂ: ಎಥನಾಲ್ ಬಾವಿ ಮೊದಲು ಇಡು. ಮತ್ತೆ, ಟೇಬಲ್ ಹೆಸರು ಮೇಲೆ, ಚಿತ್ರದ ಹೆಸರು ಕೆಳಗೆ.