ಒಂದೇ ಸಾಧನದಲ್ಲಿ ಗೇಮ್, ಆಫೀಸ್ ಕೆಲಸ, ಟಿವಿ ಎಲ್ಲಾ ನಡೆಯುತ್ತಾ? ಹ್ಯಾಂಡ್‌ಹೆಲ್ಡ್ ಬಳಸಿದವರು ಹೇಳಿ

ಶೆಟ್ಟಿಹಳ್ಳಿ, ತುಮಕೂರು
ಎಲ್ಲರಿಗೂ ನಮಸ್ಕಾರ. ನಾನು ದಿನಾ ತುಮಕೂರಿನಿಂದ ಬೆಂಗಳೂರಿಗೆ ರೈಲಲ್ಲಿ ಓಡಾಡುತ್ತೇನೆ. ಹಳೇ ಲ್ಯಾಪ್‌ಟಾಪ್ ಕೈ ಕೊಟ್ಟಿದೆ. ಅದರ ಬದಲು ಕೈಯಲ್ಲೇ ಹಿಡಿದು ಗೇಮ್ ಆಡುವ, ವಿಂಡೋಸ್ ಓಡುವ ಸಣ್ಣ ಸಾಧನ, ಅಂದ್ರೆ ಹ್ಯಾಂಡ್‌ಹೆಲ್ಡ್ ತಗೊಂಡರೆ ರೈಲಲ್ಲಿ ಗೇಮ್ ಆಡಬಹುದು, ಮನೆಯಲ್ಲಿ ಮಾನಿಟರ್‌ಗೆ ಹಾಕಿ ಎಕ್ಸೆಲ್ ಕೆಲಸ ಮಾಡಬಹುದು, ಭಾನುವಾರ ಟಿವಿಗೆ ಹಾಕಿ ಸಿನಿಮಾ ನೋಡಬಹುದು ಅಂತ ಲೆಕ್ಕ. 70 ಸಾವಿರದವರೆಗೆ ಹಾಕಬಲ್ಲೆ. ಮೂರು ವಸ್ತು ಯಾಕೆ, ಒಂದೇ ಸಾಕು ಅಂತ ಮನೆಯಲ್ಲೂ ಹೇಳುತ್ತಿದ್ದಾರೆ. ಬ್ಯಾಟರಿ, ಬಿಸಿ, ಬಾಳಿಕೆ ಹೇಗೆ? ಬಳಸಿದವರು ದಯವಿಟ್ಟು ಹೇಳಿ.

ಕ್ಯಾತ್ಸಂದ್ರ
ಇದೇ ಲೆಕ್ಕ ಹಾಕಿ ನಾನೂ ತಗೊಂಡೆ. ಕಂಪನಿ ಹೆಸರು ಬೇಡ. ಸಾಧನಕ್ಕೆ 70 ಸಾವಿರ ಆಯಿತು. ಖರ್ಚು ಅಲ್ಲಿಗೆ ಮುಗಿಯಲ್ಲ. ಮೊದಲು ಸಾಧನವನ್ನು ಮಾನಿಟರ್‌ಗೆ ಜೋಡಿಸುವ ಡಾಕ್, 1,400 ರೂಪಾಯಿಯ ಅಗ್ಗದ್ದು ತಂದೆ. ಅದು 4ಕೆ ಮಾನಿಟರ್‌ನಲ್ಲಿ 30 ಹರ್ಟ್ಸ್ ದಾಟಲಿಲ್ಲ, ಅಂದ್ರೆ ಸೆಕೆಂಡಿಗೆ 30 ಸಲ ಮಾತ್ರ ಚಿತ್ರ ಬದಲಾಗುತ್ತಿತ್ತು, ಮೌಸ್ ಬಾಣ ತಡವರಿಸುತ್ತಿತ್ತು. ಆಮೇಲೆ ಸರಿಯಾದ್ದು 3,800. ಕೀಬೋರ್ಡ್, ಮೌಸ್ 2,100. ಆಫೀಸಲ್ಲಿ ಇಡಲು ಇನ್ನೊಂದು 65 ವಾಟ್ ಚಾರ್ಜರ್ 2,600. ಮೊಬೈಲಿನ ಪವರ್ ಬ್ಯಾಂಕ್ ಇದಕ್ಕೆ ಸಾಲಲ್ಲ, ಅದು ಕೊಡುವ 20 ವಾಟ್‌ಗೆ ಆಡುವಾಗ ಚಾರ್ಜ್ ಏರುವುದಿರಲಿ, ಇಳಿಯುವುದೂ ನಿಲ್ಲಲ್ಲ. ಹಾಗಾಗಿ ದೊಡ್ಡ ಪವರ್ ಬ್ಯಾಂಕ್ 5,200. ಪೌಚ್ 1,500. ಕೂಡಿಸಿ, 16,600. ಒಟ್ಟು 86 ಸಾವಿರ ದಾಟಿತು. ಆ ದುಡ್ಡಿಗೆ ಒಳ್ಳೆ ಲ್ಯಾಪ್‌ಟಾಪ್ ಬಂದು, ಮೇಲೆ ಒಂದು ಸಣ್ಣ ಗೇಮ್ ಸಾಧನವೂ ಬರುತ್ತಿತ್ತು.

ಬ್ಯಾಟರಿ 40 ವಾಟ್-ಅವರ್, ಅಂದ್ರೆ 40 ವಾಟ್ ಎಳೆದರೆ ಒಂದು ಗಂಟೆ. ದೊಡ್ಡ ಗೇಮ್ ಹಾಕಿದರೆ ಚಿಪ್, ಪರದೆ, ಫ್ಯಾನ್ ಎಲ್ಲಾ ಸೇರಿ 25 ವಾಟ್ ಎಳೆಯುತ್ತದೆ. ಭಾಗಿಸಿ ನೋಡಿ, ಒಂದೂವರೆ ಗಂಟೆ ಚಿಲ್ಲರೆ. ಬೆಳಗ್ಗೆ ತುಮಕೂರಲ್ಲಿ ಶುರು ಮಾಡಿದರೆ ಯಶವಂತಪುರ ಬರುವ ಹೊತ್ತಿಗೆ ಎಚ್ಚರಿಕೆ ಬರುತ್ತದೆ.

ಅದನ್ನಾದರೂ ಸಹಿಸಬಹುದು. ಮನೆಯಲ್ಲಿ ಅದೇ ನನ್ನ ಕಂಪ್ಯೂಟರ್ ಅಲ್ವಾ, ಹಾಗಾಗಿ ರಾತ್ರಿಯೆಲ್ಲಾ ಡಾಕ್‌ನಲ್ಲೇ ಇರುತ್ತಿತ್ತು. ಯಾವಾಗಲೂ ನೂರರಲ್ಲಿ ತುಂಬಿಕೊಂಡೇ ಕೂತ ಬ್ಯಾಟರಿ, ಮೇಲಿಂದ ಬೇಸಿಗೆ. ಹಿಂದಿನ ಕವಚ ಉಬ್ಬಿ ಎದ್ದು ಬಂತು. ವಾರಂಟಿ ಮುಗಿದಿತ್ತು. ಬ್ಯಾಟರಿ, ಕೂಲಿ ಸೇರಿ 7,400. ಅದು ರಿಪೇರಿಗೆ ಹೋಗಿದ್ದು ಮಾರ್ಚ್ ಕೊನೆಯಲ್ಲಿ, ಲೆಕ್ಕಪತ್ರ ಮುಗಿಸುವ ಸಮಯದಲ್ಲಿ. ಫೈಲುಗಳು ಅದರೊಳಗೆ, ಆಫೀಸಿನ ಲಾಗಿನ್ ಅದರೊಳಗೆ. ಭಾವಮೈದುನನ ಲ್ಯಾಪ್‌ಟಾಪ್ ಕೇಳಿ ತಂದು ಕೆಲಸ ಮುಗಿಸಿದೆ. ಗೇಮ್ ಸಾಧನ ಕೆಟ್ಟರೆ ಗೇಮ್ ಮಾತ್ರ ನಿಲ್ಲಬೇಕು. ಇಲ್ಲಿ ಕೆಲಸ, ಸಿನಿಮಾ, ಆಟ ಎಲ್ಲಾ ಒಂದೇ ದಿನ ನಿಂತವು.

ಬಂಗಾರಪೇಟೆ
ನಾನು ಬಂಗಾರಪೇಟೆಯಿಂದ ದಿನಾ ರೈಲಲ್ಲಿ ಹೋಗುವವನು. ನನ್ನ ಹತ್ತಿರ ನಿಂಟೆಂಡೊ ಕಂಪನಿಯ ಸ್ವಿಚ್ ಅನ್ನೋ ಗೇಮ್ ಸಾಧನ ಇದೆ, 2019ರಲ್ಲಿ ಬ್ಯಾಟರಿ ಸುಧಾರಿಸಿ ಬಿಟ್ಟರಲ್ಲ, ಆ ಮಾದರಿ. 2017ರದ್ದಕ್ಕೆ ಎರಡೂವರೆಯಿಂದ ಆರೂವರೆ ಗಂಟೆ ಅಂತ ಕಂಪನಿ ಹೇಳುತ್ತಿತ್ತು, ಇದಕ್ಕೆ ನಾಲ್ಕೂವರೆಯಿಂದ ಒಂಬತ್ತು. ಇದರಲ್ಲಿ ಎಕ್ಸೆಲ್ ಇಲ್ಲ, ಆಫೀಸ್ ಮೇಲ್ ಇಲ್ಲ. ಅದಕ್ಕೇ ನನಗೆ ಇಷ್ಟ. ಬಟನ್ ಒತ್ತಿದರೆ ನಿನ್ನೆ ಬಿಟ್ಟ ಜಾಗದಿಂದ ಆಟ ಶುರು. ಟೇಕಲ್‌ನಲ್ಲಿ ಹತ್ತುವವರಿಗೆ ಜಾಗ ಬಿಡಬೇಕು ಅಂದ್ರೆ ಒಂದೇ ಬಟನ್, ಮಲಗುತ್ತದೆ.

ಹಳೇ ಕಥೆ ನೋಡಿ. 1989ರಲ್ಲಿ ಇದೇ ಕಂಪನಿಯ ಗೇಮ್ ಬಾಯ್ ಬಂದಾಗ ಬಣ್ಣವೂ ಇಲ್ಲ, ಪರದೆಗೆ ಬೆಳಕೂ ಇಲ್ಲ. ಎದುರಾಳಿಗಳಾದ ಲಿಂಕ್ಸ್, ಗೇಮ್ ಗೇರ್ ಎರಡರಲ್ಲೂ ಬಣ್ಣದ ಪರದೆ ಇತ್ತು. ಆದರೆ ಅವು ಆರು ಸೆಲ್ ನುಂಗಿ ಕೆಲವೇ ಗಂಟೆ ಓಡುತ್ತಿದ್ದವು. ಗೇಮ್ ಬಾಯ್ ನಾಲ್ಕೇ ಸೆಲ್‌ನಲ್ಲಿ ಅವುಗಳ ಎಷ್ಟೋ ಪಟ್ಟು ಓಡಿತು. ಗೆದ್ದಿದ್ದು ಯಾವುದು ಅಂತ ಎಲ್ಲರಿಗೂ ಗೊತ್ತು.

ಖರ್ಚೂ ಹೇಳುತ್ತೇನೆ. ಗೇಮ್‌ಗಳು ದುಬಾರಿ, ಒಂದು 3,500 ಕೊಟ್ಟು ತಗೊಂಡೆ. ಮುಗಿಸಿ 2,800ಕ್ಕೆ ಕೋಲಾರದ ಹುಡುಗನಿಗೆ ಕೊಟ್ಟೆ. ಕಾರ್ಟ್ರಿಜ್ ಆದ್ದರಿಂದ ಇದು ಸಾಧ್ಯ. ಡೌನ್‌ಲೋಡ್ ಮಾಡಿದ ಗೇಮ್ ಹೀಗೆ ಮಾರಿ ತೋರಿಸಿ ನೋಡೋಣ.

ತಿಪಟೂರು
ಇಬ್ಬರ ಮಾತೂ ಒಪ್ಪಲ್ಲ. ನನ್ನದು ಕೊಬ್ಬರಿ ವ್ಯಾಪಾರ. ಹಗಲು ಮಂಡಿಯಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್, ರಾತ್ರಿ ಮನೆಯಲ್ಲಿ ರೇಸಿಂಗ್ ಗೇಮ್, ಎರಡೂ ಒಂದೇ ಹ್ಯಾಂಡ್‌ಹೆಲ್ಡ್‌ನಲ್ಲಿ. ನಾನು 80 ವಾಟ್-ಅವರ್ ಬ್ಯಾಟರಿಯದ್ದು ತಗೊಂಡೆ, ದುಡ್ಡು ಜಾಸ್ತಿ ಕೊಟ್ಟೆ. ಮೊದಲ ದಿನವೇ ಚಾರ್ಜ್ ಮಿತಿ 80 ಪರ್ಸೆಂಟ್‌ಗೆ ಇಟ್ಟೆ. ಗೇಮ್ ಆಡುವಾಗ ಚಿಪ್ಪಿಗೆ 10 ವಾಟ್, ಸೆಕೆಂಡಿಗೆ 30 ಫ್ರೇಮ್ (ಚಿತ್ರ). ಏಳು ಇಂಚಿನ ಪರದೆಗೆ 720 ರೆಸಲ್ಯೂಷನ್ ಸಾಕು. ಆರಾಮಾಗಿ ನಾಲ್ಕು ಗಂಟೆ ಬರುತ್ತದೆ. ಫ್ಯಾನ್ ಸದ್ದೂ ಕೇಳಲ್ಲ.

ಕ್ಯಾತ್ಸಂದ್ರದವರೇ, ಬ್ಯಾಟರಿಯನ್ನು ತಿಂಗಳುಗಟ್ಟಲೆ ನೂರರಲ್ಲಿ ಇಟ್ಟು ಬೇಸಿಗೆಯಲ್ಲಿ ಬೇಯಿಸಿದ್ದು ನೀವು. ಅದಕ್ಕೆ ಇಡೀ ಜಾತಿಯ ಸಾಧನವನ್ನು ಬೈಯಬೇಡಿ.

ಕ್ಯಾತ್ಸಂದ್ರ
ಸ್ವಾಮಿ, ಡಾಕ್‌ನಲ್ಲಿಟ್ಟು ಕಂಪ್ಯೂಟರ್ ಹಾಗೆ ಬಳಸಿ ಅಂತ ಜಾಹೀರಾತು ಕೊಟ್ಟವರು ಅವರು. ಹಾಗೆ ಬಳಸಿದರೆ ಬ್ಯಾಟರಿ ಸಾಯುತ್ತದೆ ಅಂದ್ರೆ ಅದು ನನ್ನ ತಪ್ಪಾ? ನನ್ನದರಲ್ಲಿ ಚಾರ್ಜ್ ಮಿತಿಯ ಆಯ್ಕೆ ಐದು ಮೆನು ಒಳಗೆ ಕೂತಿತ್ತು. ಜೊತೆಗೆ ನೀವೇ ಹೇಳಿದ್ದೀರಿ, 10 ವಾಟ್, 30 ಫ್ರೇಮ್, 720. ಅಷ್ಟೆಲ್ಲಾ ಇಳಿಸಿ ಆಡೋದಾದರೆ 120 ಹರ್ಟ್ಸ್ ಪರದೆಗೆ ದುಡ್ಡು ಕೊಟ್ಟಿದ್ದು ಯಾಕೆ?

ಚಿಂತಾಮಣಿ
ಎಲ್ಲಾ ಸೇರಿಸಿದ ಸಾಧನದ ಕಥೆ ಹೊಸದಲ್ಲ. 2003ರಲ್ಲಿ ನೋಕಿಯಾ ಎನ್-ಗೇಜ್ ಬಿಟ್ಟಿತು. ಫೋನ್, ಗೇಮ್, ಎಂಪಿ3, ರೇಡಿಯೊ ಎಲ್ಲಾ ಒಂದರಲ್ಲೇ. ಗೇಮ್ ಬದಲಿಸಬೇಕಾದರೆ ಹಿಂದಿನ ಕವಚ ತೆಗೆದು, ಬ್ಯಾಟರಿ ಬಿಚ್ಚಬೇಕು. ಮಾತಾಡಬೇಕಾದರೆ ಫೋನಿನ ಅಂಚನ್ನು ಕಿವಿಗೆ ಹಿಡಿಯಬೇಕು. ಮರುವರ್ಷ ಕ್ಯೂಡಿ ಅಂತ ಇನ್ನೊಂದು ಬಂತು. ಅದರಲ್ಲಿ ಗೇಮ್ ಕಾರ್ಡ್ ಹೊರಗಿನಿಂದಲೇ ಹಾಕಬಹುದು, ಫೋನ್ ಮಾಮೂಲಿ ಹಾಗೆ ಹಿಡಿಯಬಹುದು. ಎಂಪಿ3, ರೇಡಿಯೊ ತೆಗೆದುಹಾಕಿದರು. ಕಡಿಮೆ ಮಾಡಿದ ಮೇಲೇ ಅದು ಕೈಗೆ ಸರಿಯಾಗಿ ಕೂತಿದ್ದು.

ನಾನು ಸಣ್ಣ ಪುಟ್ಟ ರಿಪೇರಿ ಮಾಡುತ್ತೇನೆ. ಬಿಚ್ಚಿ ನೋಡಿದವನಿಗೆ ಗೊತ್ತಾಗುತ್ತದೆ. ಮಾಮೂಲಿ ಸ್ವಿಚ್‌ನಲ್ಲಿ ಬೆರಳಲ್ಲಿ ಆಡಿಸುವ ಸ್ಟಿಕ್ ಹಾಳಾದರೆ ಪಕ್ಕದ ಕಂಟ್ರೋಲರ್ ಆದ ಜಾಯ್-ಕಾನ್ ಜಾರಿಸಿ ತೆಗೆದು ರಿಪೇರಿಗೆ ಕೊಡಬಹುದು, ಪರದೆ ಮನೆಯಲ್ಲೇ ಇರುತ್ತದೆ. ಸ್ವಿಚ್ ಲೈಟ್ ಮಾದರಿಯಲ್ಲಿ ಸ್ಟಿಕ್ ಮೈಯೊಳಗೇ ಸೇರಿದೆ, ಇಡೀ ಸಾಧನ ಬಿಚ್ಚಬೇಕು. ಸ್ಟಿಕ್ ಒಳಗೆ ಒಂದು ಕಾರ್ಬನ್ ಪಟ್ಟಿ ಇರುತ್ತದೆ, ಅದರ ಮೇಲೆ ಲೋಹದ ನಾಲಿಗೆ ಉಜ್ಜಿ ಉಜ್ಜಿ ಸವೆಯುತ್ತದೆ. ಆಮೇಲೆ ನೀವು ಮುಟ್ಟದಿದ್ದರೂ ಆಟದೊಳಗಿನ ಮನುಷ್ಯ ನಡೆದುಕೊಂಡು ಹೋಗುತ್ತಾನೆ. ಇದಕ್ಕೆ ನಿಂಟೆಂಡೊ ಅಧ್ಯಕ್ಷರೇ 2020ರಲ್ಲಿ ಕ್ಷಮೆ ಕೇಳಿದ್ದರು. ಹಾಲ್ ಎಫೆಕ್ಟ್ ಸ್ಟಿಕ್ ಆದರೆ ಆಯಸ್ಕಾಂತದಲ್ಲಿ ಕೆಲಸ ಮಾಡುತ್ತದೆ, ಆ ಉಜ್ಜಾಟ ಇಲ್ಲ. 2025ರ ಸ್ವಿಚ್ 2ರಲ್ಲೂ ಅದನ್ನು ಹಾಕಲಿಲ್ಲ ಅನ್ನೋದು ನನಗೆ ಬೇಜಾರು.

ನಾನು ಆಡೋದು ಮೂರೂವರೆ ಇಂಚಿನ ಪರದೆಯ, ಹಳೇ ಕಾಲದ ಗೇಮ್ ಓಡಿಸುವ ಸಣ್ಣ ರೆಟ್ರೊ ಸಾಧನದಲ್ಲಿ. 6 ಸಾವಿರ. ಅಂಗಿ ಜೇಬಿನಲ್ಲಿ ಹೋಗುತ್ತದೆ. ಜೊತೆಗೆ ಬಂದ ಮೆಮೊರಿ ಕಾರ್ಡ್ ಮಾತ್ರ ನಂಬಬೇಡಿ, ನನ್ನದು ಬೇಗ ಸತ್ತಿತು. 700 ಕೊಟ್ಟು ಒಳ್ಳೇದು ಹಾಕಿದೆ. ಸಾವಿರಾರು ಗೇಮ್ ಅದರಲ್ಲೇ.

ತಿಪಟೂರು
ಆ ಸಾವಿರಾರು ಗೇಮ್‌ಗೆ ದುಡ್ಡು ಕೊಟ್ಟಿದ್ದೀರಾ? ಕದ್ದ ಗೇಮ್ ತುಂಬಿದ ಕಾರ್ಡ್ ಇಟ್ಟುಕೊಂಡು 6 ಸಾವಿರಕ್ಕೆ ಮುಗಿಯಿತು ಅನ್ನೋದು ಯಾವ ಲೆಕ್ಕ? ನಾನು ಒಂದೊಂದು ಗೇಮೂ ಆಫರ್ ಬರುವವರೆಗೆ ಕಾದು ಕೊಂಡಿದ್ದೇನೆ. ಇನ್ನು ಬಂಗಾರಪೇಟೆಯವರು, ಸ್ವಿಚ್ ಎಲ್ಲಿ ತಗೊಂಡಿರಿ, ಬಿಲ್ ಇದೆಯಾ?

ಚಿಂತಾಮಣಿ
ಮೂವತ್ತು ವರ್ಷದ ಹಿಂದಿನ ಗೇಮ್ ಎಲ್ಲಿ ಮಾರುತ್ತಿದ್ದಾರೆ ತೋರಿಸಿ, ನಾಳೆಯೇ ಕೊಳ್ಳುತ್ತೇನೆ. ಅಂಗಡಿಯಲ್ಲೇ ಸಿಗದ ವಸ್ತುವಿಗೆ ಕಳ್ಳತನ ಅನ್ನೋದು ಸುಲಭ.

ತಿಪಟೂರು
ಸಿಗುವುದೂ ಬೇಕಾದಷ್ಟಿವೆ. ನಿಮ್ಮ ಕಾರ್ಡ್‌ನಲ್ಲಿ ಅವೂ ಇವೆ ಅಂತ ನನಗೆ ಗೊತ್ತು, ಆ ಕಾರ್ಡ್ ಎಲ್ಲರಿಗೂ ಒಂದೇ ಥರ ಬರುತ್ತದೆ.

ಬಂಗಾರಪೇಟೆ
ಬೆಂಗಳೂರಿನ ಗಾಂಧಿನಗರದಲ್ಲಿ ಹೊರದೇಶದಿಂದ ತರಿಸುವ ಅಂಗಡಿಯಲ್ಲಿ ತಗೊಂಡೆ. ಬಿಳಿ ಚೀಟಿ ಕೊಟ್ಟರು. ಕಂಪನಿಯೇ ಇಲ್ಲಿ ಅಧಿಕೃತವಾಗಿ ಮಾರದಿದ್ದರೆ ನಾನೇನು ಮಾಡಲಿ? ವಾರಂಟಿ ಇಲ್ಲ ಅಂತ ಗೊತ್ತಿದ್ದೇ ತಗೊಂಡೆ, ಅದಕ್ಕೇ ಜೋಪಾನವಾಗಿ ಇಟ್ಟಿದ್ದೇನೆ. ವಾರಂಟಿ ಇದ್ದ ಕ್ಯಾತ್ಸಂದ್ರದವರಿಗೆ ಅದರಿಂದ ಏನು ಸಿಕ್ಕಿತು?

ಶಿಡ್ಲಘಟ್ಟ
ನೀವೆಲ್ಲ 70 ಸಾವಿರ, 80 ಸಾವಿರ ಅಂತೀರಿ. ನಮ್ಮನೆಯಲ್ಲಿ ಅಷ್ಟು ದುಡ್ಡಿದ್ದರೆ ಮೊದಲು ರೇಷ್ಮೆ ಮನೆಯ ಶೀಟ್ ಬದಲಿಸುತ್ತೇವೆ. ನಾನು ಫೋನಿಗೇ ಸಿಕ್ಕಿಸುವ ಕಂಟ್ರೋಲರ್ ತಗೊಂಡೆ, 4,000. ಫೋನೇ ಎಲ್ಲಾ ಅಲ್ವಾ ಅಂದುಕೊಂಡೆ. ಹದಿನೈದು ನಿಮಿಷ ಆಡಿದರೆ ಫೋನ್ ಕಾದು ಪರದೆ ಮಂಕಾಗುತ್ತದೆ, 60 ಫ್ರೇಮ್ ಓಡುತ್ತಿದ್ದದ್ದು 40ಕ್ಕೆ ಬೀಳುತ್ತದೆ. ಬಿಸಿ ಜಾಸ್ತಿ ಆದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಫೋನಿಗೆ ಫ್ಯಾನ್ ಇಲ್ಲ ನೋಡಿ. ಗೂಡು ಹರಾಜಿನ ದಿನ ಅಪ್ಪ ಮಾರುಕಟ್ಟೆಯಿಂದ ಫೋನ್ ಮಾಡಿದರೆ ಪಂದ್ಯ ಹೋಯಿತು, ಜೊತೆಯವರು ಬೈದರು.

ಒಂದು ಸಂಜೆ ಚಿಕ್ಕಬಳ್ಳಾಪುರದಿಂದ ಪ್ರೈವೇಟ್ ಬಸ್ಸಲ್ಲಿ ಬರುವಾಗ ಆಡುತ್ತಾ ಬ್ಯಾಟರಿ ಖಾಲಿ. ಕಂಡಕ್ಟರ್ ಟಿಕೆಟ್‌ಗೆ ಬಂದರೆ ದುಡ್ಡು ಕಳಿಸಲು ಫೋನೇ ಇಲ್ಲ, ಕೈಯಲ್ಲಿ ನೋಟೂ ಇಲ್ಲ. ಪಕ್ಕದಲ್ಲಿದ್ದ ಹೂವಿನ ಅಮ್ಮ ಕೊಟ್ಟರು. ಮನೆಗೆ ಫೋನ್ ಮಾಡಿ ಬಸ್ ಸ್ಟ್ಯಾಂಡಿಗೆ ಬನ್ನಿ ಅನ್ನಲೂ ಆಗಲಿಲ್ಲ. ಆ ಭಯ ಈಗಲೂ ಇದೆ. ಈಗ ಫೋನಲ್ಲಿ ಗೇಮ್ ಇಲ್ಲ, ಎಲ್ಲಾ ತೆಗೆದುಹಾಕಿದೆ. ಚಿಂತಾಮಣಿಯವರು ಹೇಳಿದ ಸಣ್ಣ ಸಾಧನ ಯಾವುದು, ಸೆಕೆಂಡ್ ಹ್ಯಾಂಡ್ ಸಿಗುತ್ತಾ?

ಮಾಲೂರು
ಬಂಗಾರಪೇಟೆಯವರಿಗೆ ಒಂದು ಮಾತು. ನಾನೂ ಅದೇ ಮಾರಿಕುಪ್ಪಂ ರೈಲಲ್ಲಿ ಬರುವವನು. ಬೆಳಗ್ಗೆ ಸ್ಪೀಕರ್ ಹಾಕಿಕೊಂಡು ಆಡುವವರು ಹೆಚ್ಚಾಗಿದ್ದಾರೆ. ರಾತ್ರಿ ಪಾಳಿ ಮುಗಿಸಿ ಬರುವವರು ಮಲಗಿರುತ್ತಾರೆ. ಸಾಧನ ಯಾವುದೇ ಇರಲಿ, ಇಯರ್‌ಫೋನ್ ಹಾಕಿಕೊಳ್ಳಿ.

ಬಂಗಾರಪೇಟೆ
ನಾನು ಇಯರ್‌ಫೋನ್ ಇಲ್ಲದೆ ಯಾವತ್ತೂ ಆಡಿಲ್ಲ. ಸ್ಪೀಕರ್ ಹಾಕೋದು ಫೋನಲ್ಲಿ ರೀಲ್ಸ್ ನೋಡುವವರು. ಅವರನ್ನು ಕೇಳಿ.

ಮಾಲೂರು
ಎಲ್ಲರನ್ನೂ ಕೇಳುತ್ತಿದ್ದೇನೆ. ನೀವು ಇಲ್ಲಿ ಸಿಕ್ಕಿದಿರಿ, ಅದಕ್ಕೆ ಹೇಳಿದೆ.

ಶೆಟ್ಟಿಹಳ್ಳಿ, ತುಮಕೂರು
ಎಲ್ಲರಿಗೂ ಥ್ಯಾಂಕ್ಸ್. ರೈಲಲ್ಲಿ ಸೀಟ್ ಸಿಗದ ದಿನ ನಿಂತುಕೊಂಡು ಆಡಬಹುದಾ? ತೂಕ ಕೈಗೆ ಭಾರ ಆಗುತ್ತಾ? ಮತ್ತೆ ಏಳು ಇಂಚಲ್ಲಿ ಎಕ್ಸೆಲ್ ಅಕ್ಷರ ಕಾಣುತ್ತಾ?

ತಿಪಟೂರು
ಈ ಥರದ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಮೊದಲ ಸ್ಟೀಮ್ ಡೆಕ್ 669 ಗ್ರಾಂ, ಎಂಟೂ ಚಿಲ್ಲರೆ ಇಂಚಿನ ಮೊದಲ ಲೀಜನ್ ಗೋ 854 ಗ್ರಾಂ. ನಾನು ಮನೆಯಲ್ಲಿ ದಿಂಬಿನ ಮೇಲಿಟ್ಟು ಆಡುತ್ತೇನೆ, ನಿಂತು ಆಡುವ ಅಗತ್ಯ ಬಂದಿಲ್ಲ. ಮಂಡಿಯಲ್ಲಿ ಮಾನಿಟರ್ ಇದೆ.

ಕ್ಯಾತ್ಸಂದ್ರ
ನೋಡಿದಿರಾ, ಮಂಡಿಯಲ್ಲಿ ಮಾನಿಟರ್ ಇದೆಯಂತೆ, ಮನೆಯಲ್ಲಿ ದಿಂಬು ಇದೆಯಂತೆ. ನಮ್ಮ ಹಾಗೆ ರೈಲಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಲ್ಲುವವರಿಗೆ ಅದು ಆಗಲ್ಲ. ಎಕ್ಸೆಲ್ ಕಾಣಬೇಕಾದರೆ ಅಕ್ಷರ 150 ಪರ್ಸೆಂಟ್‌ಗೆ ಏರಿಸಬೇಕು, ಆಗ ಪರದೆಯಲ್ಲಿ ಹಿಡಿಯುವುದು ನಾಲ್ಕು ಕಾಲಂ. ಲ್ಯಾಪ್‌ಟಾಪ್ ತಗೊಳ್ಳಿ, 45 ಸಾವಿರದ್ದು ಎಕ್ಸೆಲ್‌ಗೆ ಸಾಕು. ಉಳಿದದ್ದರಲ್ಲಿ ಗೇಮ್ ಆಡೋದಕ್ಕೆ ಬೇರೆ ನೋಡಿ.

ಚಿಂತಾಮಣಿ
ಕ್ಯಾತ್ಸಂದ್ರದವರೇ, ಬ್ಯಾಟರಿಗೆ 7,400 ಕೊಟ್ಟಿದ್ದು ಜಾಸ್ತಿ ಆಯಿತು. ಬ್ಯಾಟರಿ ಮಾತ್ರ ತರಿಸಿದ್ದರೆ 4 ಸಾವಿರದೊಳಗೆ ಆಗುತ್ತಿತ್ತು. ಸ್ಕ್ರೂ ಬಿಚ್ಚಿ, ಕನೆಕ್ಟರ್ ಮೊದಲು ತೆಗೆದು, ಆಮೇಲೆ ಬ್ಯಾಟರಿ ಎತ್ತಬೇಕು ಅಷ್ಟೇ.

ಕ್ಯಾತ್ಸಂದ್ರ
ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಮನೆಯಲ್ಲಿ ಸ್ಕ್ರೂಡ್ರೈವರ್ ಹಾಕಿ ಎತ್ತು ಅಂತೀರಾ? ಚುಚ್ಚಿದರೆ ಹೊತ್ತಿಕೊಳ್ಳುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ.

ಚಿಂತಾಮಣಿ
ಉಬ್ಬಿದ್ದನ್ನು ನೀವು ಮುಟ್ಟಿ ಅನ್ನಲಿಲ್ಲ. ಅಂಗಡಿಯವನಿಗೆ ಬ್ಯಾಟರಿ ನೀವೇ ತರಿಸಿಕೊಟ್ಟು ಕೂಲಿ ಮಾತ್ರ ಕೊಡಿ ಅಂತ ನನ್ನ ಮಾತು. ಮತ್ತೆ ಬದಲಿಸುವ ಪ್ರಸಂಗ ಬಂದರೆ ಬ್ಯಾಟರಿ ಮೇಲೆ ಅಚ್ಚಾಗಿರುವ ನಂಬರ್ ಫೋಟೊ ಹಾಕಿ. ಶಿಡ್ಲಘಟ್ಟದವರೇ, ನನ್ನ ಹತ್ತಿರ ಬಟನ್ ರಬ್ಬರ್ ಬದಲಿಸಿದ ಹಳೇ ಸಾಧನ ಒಂದಿದೆ. 3,000, ಕಾರ್ಡ್ ಇಲ್ಲದೆ. ಚಿಂತಾಮಣಿ ಬಸ್ ಸ್ಟ್ಯಾಂಡ್ ಹತ್ತಿರ ಬಂದು ಆಡಿ ನೋಡಿ ತಗೊಳ್ಳಿ.

ತಿಪಟೂರು
ಕಾರ್ಡ್ ಇಲ್ಲದೆ ಅಂದ್ರಲ್ಲ, ಅದು ಸರಿ.