ಎಕರೆಗೆ 100 ಎಲ್.ಇ. ಎಚ್‌ಎಎನ್‌ಪಿವಿ ಅಂದರೆ ಬಾಟಲಿಯಿಂದ ಎಷ್ಟು ಎಂ.ಎಲ್.? ಪ್ರೊಟೀನ್ ಲ್ಯಾಬಿನ ವೈರಸ್ಸೂ ಇದೇನಾ?

ಕಡಲೆಹೊಲ ಕೇಳಿದ್ದು:
ಕಡಲೆಯ ಕಾಯಿಕೊರಕ ಹುಳಕ್ಕೆ ರೋಗ ತಂದು ಕೊಲ್ಲುವ ಈ ವೈರಸ್ಸಿನ ಶಿಫಾರಸು ಇರುವುದು ಎಕರೆಗೆ 100 ಎಲ್.ಇ. ಎಂದು. ಬಾಟಲಿ ಮೇಲೆ ಎಲ್.ಇ. ಮಾತೇ ಇಲ್ಲ, ‘ಪ್ರತಿ ಎಂ.ಎಲ್.ಗೆ 1×10⁹ ಪಿ.ಒ.ಬಿ.’ ಎಂದಷ್ಟೇ ಇದೆ. ಅಂಗಡಿಯವರು ಎಕರೆಗೆ 100 ಎಂ.ಎಲ್. ಸಾಕು ಅನ್ನುತ್ತಾರೆ. ಹಾಗೆ ಹೊಡೆದ ಹೊಲದಲ್ಲಿ ಮೂರು ದಿನವಾದರೂ ಕೀಡೆ ಆರಾಮಾಗಿ ತಿನ್ನುತ್ತಿವೆ. ಔಷಧ ನಕಲಿಯೋ, ಲೆಕ್ಕ ತಪ್ಪೋ?
ಇನ್ನೆರಡು ಸಂದೇಹ. ಲಸಿಕೆ, ಪ್ರೊಟೀನ್ ತಯಾರಿಸಲು ಬಳಸುವ ಕೀಟದ ವೈರಸ್ ಇದೇನಾ? ಪಕ್ಕದ ಹೊಲದಲ್ಲಿ ಹಿಪ್ಪುನೇರಳೆ ಇದ್ದರೆ ಇದನ್ನು ಹೊಡೆಯಬಹುದೇ?

ಕಪ್ಪುಮಣ್ಣು:
ಲೆಕ್ಕ ತಪ್ಪಿದೆ. ಎಲ್.ಇ. ಅಂದರೆ ಸೋಂಕಿ ಸತ್ತ ಒಂದು ಹುಳದಿಂದ ಸಿಗುವಷ್ಟು ವೈರಸ್; ಪಿ.ಒ.ಬಿ. ಅಂದರೆ ವೈರಸ್ ತುಂಬಿದ ಹರಳು, ಪಾಲಿಹೆಡ್ರಾ. ನಮ್ಮಲ್ಲಿ 1 ಎಲ್.ಇ. ಎಂದರೆ 6×10⁹ ಪಿ.ಒ.ಬಿ. ಆದ್ದರಿಂದ 100 ಎಲ್.ಇ.ಗೆ ಬೇಕಾದದ್ದು 6×10¹¹. ನಿಮ್ಮ ಬಾಟಲಿಯಾದರೆ 600 ಎಂ.ಎಲ್.; ಲೇಬಲ್ಲಿನಲ್ಲಿ 2×10⁹ ಇದ್ದರೆ 300, 6×10⁹ ಇದ್ದರೆ ಮಾತ್ರ 100. ಅಂದರೆ ಹೊಲಕ್ಕೆ ಬಿದ್ದದ್ದು ಹದಿನೇಳು ಎಲ್.ಇ. ಆಸುಪಾಸು. ಬಾಟಲಿಯನ್ನು ಬೈಯುವ ಮೊದಲು ಈ ಗುಣಾಕಾರ ಮಾಡಿ.

ಮೂರು ದಿನಕ್ಕೆ ತೀರ್ಪು ಕೊಡುವುದೂ ಅವಸರವೇ. ಇದು ಮುಟ್ಟಿದರೆ ಸಾಯಿಸುವ ವಿಷವಲ್ಲ, ಕೀಡೆ ಎಲೆಯ ಜೊತೆ ತಿನ್ನಬೇಕು. ಹರಳಿನಂಥ ಪಾಲಿಹೆಡ್ರಾ ಕರುಳಿನ ಕ್ಷಾರದಲ್ಲಿ ಕರಗಿ, ಒಳಗಿನ ವೈರಸ್ ಕರುಳಿನ ಜೀವಕೋಶಕ್ಕೆ ಇಳಿದು, ಅಲ್ಲಿಂದ ಮೈಯೆಲ್ಲ ಹರಡಬೇಕು. ಮೊದಲೆರಡು ಹಂತದ ಮರಿಗಳಿಗೆ ಮೂರು-ನಾಲ್ಕು ದಿನ, ದೊಡ್ಡವಕ್ಕೆ ವಾರ. ಬೆರಳುದ್ದ ಆದ ಮೇಲೆ ಹೊಡೆದರೆ ಸತ್ತರೂ ಅಷ್ಟರಲ್ಲಿ ಕಾಯಿ ತಿಂದು ಮುಗಿಸಿರುತ್ತದೆ. ಮೋಹಕ ಬಲೆಗೆ ಪತಂಗ ಹೆಚ್ಚಿದಾಗಲೇ ಗಿಡದ ತುದಿಯಲ್ಲಿ ಮೊಟ್ಟೆ ಹುಡುಕಿ, ಮೊಟ್ಟೆ ಒಡೆಯುವ ಹೊತ್ತಿಗೆ ಸಿಂಪಡಿಸಿ.

ಸಿಂಪರಣೆ ಸಂಜೆ ನಾಲ್ಕೂವರೆಯ ಮೇಲೆ. ಬಿಸಿಲಿನ ನೇರಳಾತೀತ ಕಿರಣಕ್ಕೆ ಒಂದೆರಡು ದಿನದಲ್ಲೇ ಬಹುಪಾಲು ಶಕ್ತಿ ಹೋಗುತ್ತದೆ. ಎಕರೆಗೆ 200 ಲೀಟರ್ ನೀರಾದರೆ 1 ಕೆ.ಜಿ. ಬೆಲ್ಲ, 200 ಗ್ರಾಂ ರಾನಿಪಾಲ್‌ನಂಥ ಬಟ್ಟೆ ಬಿಳುಪಿನ ಪುಡಿ, ಜೊತೆಗೆ ಅಂಟು ದ್ರಾವಣ. ಬೆಲ್ಲವನ್ನು ಬೇರೆಯಾಗಿ ಕರಗಿಸಿ ಸೋಸಿ ಹಾಕಿ, ಇಲ್ಲದಿದ್ದರೆ ನಾಜಲ್ ಕಟ್ಟುತ್ತದೆ.

ಸೂಕ್ಷ್ಮದರ್ಶಕ:
ಒಂದು ಸೇರ್ಪಡೆ: ಬೆಲ್ಲ ಬಿಸಿಲು ತಡೆಯಲಿಕ್ಕೆ ಅಂತ ಬಹಳ ಜನ ತಿಳಿದಿದ್ದಾರೆ. ಅದರ ಮುಖ್ಯ ಕೆಲಸ ಕೀಡೆಗೆ ತಿನ್ನುವ ಆಸೆ ಹುಟ್ಟಿಸುವುದು. ಬಿಸಿಲಿಗೆ ಅಡ್ಡ ನಿಲ್ಲುವುದು ಬಿಳುಪಿನ ಪುಡಿ.

ನಕಲಿಯೋ ಅಲ್ಲವೋ ನೋಡಲು ಸೂಕ್ಷ್ಮದರ್ಶಕ, ಹಿಮೋಸೈಟೋಮೀಟರ್ (ಕಣ ಎಣಿಸಲು ಚೌಕ ಗೀಚಿದ ಗಾಜು) ಇದ್ದರೆ ಸಾಕು. ದ್ರಾವಣವನ್ನು ಚೆನ್ನಾಗಿ ಕುಲುಕಿ, 1000 ಪಟ್ಟು ತೆಳುವಾಗಿಸಿ, 0.1 ಮಿ.ಮೀ. ಆಳದ ಗಾಜಿನಲ್ಲಿ ತುಂಬಿ ಹತ್ತು ನಿಮಿಷ ಬಿಡಿ. ಅತಿ ಚಿಕ್ಕ ಚೌಕಗಳನ್ನು 80ರಷ್ಟು ಎಣಿಸಿ. ಚೌಕಕ್ಕೆ ಸರಾಸರಿ 3 ಬಂದರೆ 3 × 4×10⁶ × 1000 = 1.2×10¹⁰ ಪಿ.ಒ.ಬಿ. ಪ್ರತಿ ಎಂ.ಎಲ್.ಗೆ. ಅಂಥದ್ದು 50 ಎಂ.ಎಲ್. ಇದ್ದರೆ 100 ಎಲ್.ಇ. ಆಯಿತು. ಕೊಬ್ಬಿನ ಹನಿಯನ್ನೇ ಪಾಲಿಹೆಡ್ರಾ ಎಂದು ಎಣಿಸುವುದು ಹೊಸಬರ ತಪ್ಪು. ಸಂದೇಹವಿದ್ದರೆ ಒಂದು ಹನಿ ತೆಳು ಕಾಸ್ಟಿಕ್ ಸೋಡಾ ಬಿಡಿ. ಪಾಲಿಹೆಡ್ರಾ ಕರಗಿ ಮಾಯವಾಗುತ್ತವೆ, ಕೊಬ್ಬು ಉಳಿಯುತ್ತದೆ.

ರೈತ ಗುಂಪುಗಳು ತಾವೇ ತಯಾರಿಸುವಾಗ ಎಡವುವುದು ಹೆಚ್ಚಾಗಿ ಹುಳದ ವಯಸ್ಸಿನಲ್ಲಿ. ನಾಲ್ಕನೆಯ ಹಂತದ ಕೊನೆ, ಐದನೆಯದರ ಆರಂಭ ಸರಿಯಾದ ಹೊತ್ತು. ಕಡಲೆಹಿಟ್ಟಿನ ಕೃತಕ ಆಹಾರದ ಮೇಲ್ಮೈಗೆ 5×10⁵ ಪಿ.ಒ.ಬಿ. ಇರುವ 10 ಮೈಕ್ರೊಲೀಟರ್ ದ್ರಾವಣ ಸವರಿ, ಒಂದು ಸೀಸೆಗೆ ಒಂದೇ ಹುಳು (ಜೊತೆಗಿಟ್ಟರೆ ಒಂದನ್ನೊಂದು ತಿನ್ನುತ್ತವೆ), 26 ಡಿಗ್ರಿಯಲ್ಲಿ ಇಡಬೇಕು. ಚಿಕ್ಕದಕ್ಕೆ ತಿನ್ನಿಸಿದರೆ ಚಿಕ್ಕದಾಗಿಯೇ ಸತ್ತು ಇಳುವರಿ ಬಾರದು, ತಡವಾದರೆ ಕೋಶವಾಗಿಬಿಡುತ್ತದೆ. ಐದರಿಂದ ಏಳನೇ ದಿನ ಸತ್ತವನ್ನು ಚರ್ಮ ಒಡೆದು ಸೋರುವ ಮೊದಲೇ ಆರಿಸಿ. ತಣ್ಣನೆಯ ಶುದ್ಧ ನೀರಿನಲ್ಲಿ ಅರೆದು, ಎರಡು ಮಡಿಕೆ ಮಸ್ಲಿನ್ ಬಟ್ಟೆಯಲ್ಲಿ ಸೋಸಿ, 500 ಆರ್‌ಪಿಎಂನಲ್ಲಿ ಒಂದು ನಿಮಿಷ ತಿರುಗಿಸಿ ಗಷ್ಟು ಬಿಸಾಡಿ. ಮೇಲಿನ ದ್ರವವನ್ನು 5000ದಲ್ಲಿ 20 ನಿಮಿಷ ತಿರುಗಿಸಿದರೆ ತಳದಲ್ಲಿ ಕೂರುವುದೇ ಪಾಲಿಹೆಡ್ರಾ. ಸಾಕಣೆಯ ಹುಳುವಿನ ಕೋಣೆಗೂ ಈ ಕೋಣೆಗೂ ಜನ, ಪಾತ್ರೆ, ಪೊರಕೆ ಎಲ್ಲ ಬೇರೆ ಬೇರೆ ಇರಲಿ. ಇದೊಂದು ತಪ್ಪಿದರೆ ಮೊಟ್ಟೆ ಕೊಡುವ ಹುಳುವೇ ಉಳಿಯದು.

ಇನ್‌ಕ್ಯುಬೇಟರ್27:
ಪ್ರೊಟೀನ್ ಪ್ರಶ್ನೆಗೆ: ಅದೇ ಬ್ಯಾಕ್ಯುಲೊವೈರಸ್ ಕುಟುಂಬ, ಬೇರೆ ಸದಸ್ಯ. ಲ್ಯಾಬಿನಲ್ಲಿ ಬಳಕೆಯಲ್ಲಿರುವುದು ಆಟೊಗ್ರಾಫಾ ಕ್ಯಾಲಿಫೋರ್ನಿಕಾ ಎಂಬ ಪತಂಗದ ಎಸಿಎಂಎನ್‌ಪಿವಿ. ಹೊಲದಲ್ಲಿ ಪ್ರಾಣವಾದ ಆ ಹರಳು ಲ್ಯಾಬಿನಲ್ಲಿ ಬೇಡವೇ ಬೇಡ. ಬಾಟಲಿಯೊಳಗೆ ಬಿಸಿಲಿಲ್ಲ, ಮಳೆಯಿಲ್ಲ, ಒಂದು ಕೋಶದಿಂದ ಇನ್ನೊಂದಕ್ಕೆ ಮೊಳೆಯುವ ಬರೀ ವೈರಸ್ಸೇ ಸಾಕು. ಹರಳು ಕಟ್ಟುವ ಪಾಲಿಹೆಡ್ರಿನ್ ಜೀನಿನ ಪ್ರಮೋಟರ್ (ಜೀನನ್ನು ಚಾಲೂ ಮಾಡುವ ಭಾಗ) ಮಾತ್ರ ಭಾರೀ ಜೋರು, ಆದ್ದರಿಂದ ಆ ಜೀನನ್ನು ಕಿತ್ತು ಬೇಕಾದ ಜೀನನ್ನು ಕೂರಿಸುತ್ತಾರೆ. 1983ರಲ್ಲಿ ಮನುಷ್ಯನ ಬೀಟಾ ಇಂಟರ್‌ಫೆರಾನ್ ಹೀಗೇ ತಯಾರಾಯಿತು. ಪುಣೆಯಲ್ಲಿ ತಯಾರಾದ ಕೋವಿಡ್ ಲಸಿಕೆ ಕೊವೊವ್ಯಾಕ್ಸ್‌ನ ಸ್ಪೈಕ್ ಪ್ರೊಟೀನ್ ಬಂದದ್ದೂ ಎಸ್‌ಎಫ್9 ಕೀಟಕೋಶದಿಂದ.

ಕೆಲಸ ಮಾಡುವವರಿಗೆ: ಎಸ್‌ಎಫ್9ಗೆ 27 ಡಿಗ್ರಿ, ಇಂಗಾಲದ ಡೈಆಕ್ಸೈಡ್ ಬೇಡ. ಡಿಎಚ್10ಬ್ಯಾಕ್ (ಜೀನ್ ಸೇರಿಸಿದ ವೈರಸ್ ಡಿಎನ್ಎ ತಯಾರಿಸುವ ಬ್ಯಾಕ್ಟೀರಿಯಾ) ತಟ್ಟೆಯನ್ನು ಪೂರ್ತಿ 48 ಗಂಟೆ ಬಿಡಿ; ಜೀನ್ ಸೇರಿದ ಕಾಲನಿ ಬಿಳಿ, ಸೇರದ್ದು ನೀಲಿ, ಆದರೆ ಮೊದಲ ದಿನ ಬಿಳಿ ಕಂಡ ಕಾಲನಿ ಮರುದಿನ ನೀಲಿಯಾಗಬಹುದು. ವೈರಸ್ ಬೆಳೆಸಲು ಎಂಒಐ (ಒಂದು ಕೋಶಕ್ಕೆ ಎಷ್ಟು ವೈರಸ್ ಎಂಬ ಲೆಕ್ಕ) 0.1 ಸಾಕು. 50 ಎಂ.ಎಲ್.ನಲ್ಲಿ ಎಂ.ಎಲ್.ಗೆ 2×10⁶ ಕೋಶ, ಅಂದರೆ ಒಟ್ಟು 10⁸. ನಿಮ್ಮ ಪಿ1 (ಮೊದಲ ಪೀಳಿಗೆಯ ವೈರಸ್) ದಾಸ್ತಾನಿನಲ್ಲಿ ಸೋಂಕು ತಗುಲಿಸಬಲ್ಲ ವೈರಸ್ 5×10⁶ ಪಿಎಫ್‌ಯು/ಎಂ.ಎಲ್. ಇದ್ದರೆ ಹಾಕಬೇಕಾದ್ದು 2 ಎಂ.ಎಲ್. ‘ಜಾಸ್ತಿ ಇರಲಿ’ ಎಂದು ಸುರಿದರೆ ಅರೆಬರೆ ಜೀನೋಮಿನ ದೋಷಪೂರಿತ ವೈರಸ್‌ಗಳು ಸರಿಯಾದವುಗಳ ಬೆನ್ನೇರಿ ಬೆಳೆಯುತ್ತವೆ, ಮೂರು-ನಾಲ್ಕು ಪೀಳಿಗೆಗೆ ಪ್ರೊಟೀನ್ ಕುಸಿಯುತ್ತದೆ. ಪಿ1ಅನ್ನು ಜೋಪಾನವಾಗಿಟ್ಟು ಪ್ರತಿಸಲ ಅಲ್ಲಿಂದಲೇ ಪಿ2 ಮಾಡಿ. ಕೋಶದ ದಟ್ಟಣೆ 4×10⁶ ದಾಟಿದ ಮೇಲೆ ಸೋಂಕು ತಗುಲಿಸಿದರೂ ಇಳುವರಿ ಬೀಳುತ್ತದೆ, ಆಹಾರ ಸಾಲದು. ಮತ್ತೆ, ಮನುಷ್ಯನ ಕೋಶ ಹಾಕುವಂಥ ಸಿಯಾಲಿಕ್ ಆಮ್ಲದ ಸಕ್ಕರೆ ಸರಪಳಿ ಇಲ್ಲಿ ಸಿಗದು. ನಿಮ್ಮ ಪ್ರೊಟೀನಿಗೆ ಅದು ಬೇಕೇ ಬೇಕೆಂದರೆ ಈ ದಾರಿ ಬಿಡಿ.

ಹಿಪ್ಪುನೇರಳೆ:
ಕಾಯಿಕೊರಕದ ವೈರಸ್ ರೇಷ್ಮೆಹುಳಕ್ಕೆ ತಗಲುವುದಿಲ್ಲ. ನಮ್ಮ ರೇಷ್ಮೆಹುಳದ ಹಾಲು ತೊಂಡೆ ರೋಗ ಬರುವುದು ಬಿಎಂಎನ್‌ಪಿವಿಯಿಂದ, ಅದು ಬೇರೆ. (ಜಪಾನಿನಲ್ಲಿ ಅದೇ ಬಿಎಂಎನ್‌ಪಿವಿಗೆ ಜೀನ್ ಸೇರಿಸಿ, 1985ರಲ್ಲಿ ರೇಷ್ಮೆಹುಳದ ಮೈಯಲ್ಲೇ ಇಂಟರ್‌ಫೆರಾನ್ ಬೆಳೆಸಿದರು. ನಮ್ಮ ಸಾಕಣೆ ಮನೆಯ ಶನಿ ಅವರ ಕಾರ್ಖಾನೆ!) ಆದರೆ ಲ್ಯಾಬಿನ ಎಸಿಎಂಎನ್‌ಪಿವಿಯ ಹೆಲಿಕೇಸ್ (ಡಿಎನ್ಎ ಎಳೆ ಬಿಡಿಸುವ ಪ್ರೊಟೀನ್) ಜೀನಿನ ಒಂದು ತುಣುಕು ಬದಲಾದರೆ ಅದೂ ರೇಷ್ಮೆಹುಳದಲ್ಲಿ ಬೆಳೆಯಬಲ್ಲದು ಎಂದು ತೋರಿಸಿದ್ದಾರೆ. ಲ್ಯಾಬಿನವರು ತ್ಯಾಜ್ಯವನ್ನು ಆಟೊಕ್ಲೇವ್ ಮಾಡದೆ (ಒತ್ತಡದ ಹಬೆಯಲ್ಲಿ ಬೇಯಿಸದೆ) ಚೆಲ್ಲಬಾರದು.

ನಿಮಗೆ ನಿಜವಾದ ಅಪಾಯ ಸಿಂಪರಣೆ ಪಂಪಿನಲ್ಲಿದೆ. ಹಿಂದಿನ ವಾರದ ಕೀಟನಾಶಕ ಅದರಲ್ಲಿ ಉಳಿದಿದ್ದರೆ ಸೊಪ್ಪಿಗೆ ಹಾರಿದ ಹನಿಯೇ ಹುಳ ಕೊಲ್ಲುತ್ತದೆ, ಬೈಗುಳ ಮಾತ್ರ ವೈರಸ್ಸಿಗೆ.

ಕಡಲೆಹೊಲ:
600 ಎಂ.ಎಲ್. ಲೆಕ್ಕ ಅರ್ಥವಾಯಿತು, ಧನ್ಯವಾದ. ಇದನ್ನೇ ಹತ್ತಿಗೂ ಹೊಡೆಯಬಹುದೇ?

ಕಪ್ಪುಮಣ್ಣು:
ಹೊಡೆಯಬಹುದು, ಕಡಲೆಯಷ್ಟು ಕೆಲಸ ನಿರೀಕ್ಷಿಸಬೇಡಿ. ಹತ್ತಿ ಎಲೆಯ ಮೇಲಿನ ಇಬ್ಬನಿ ಕ್ಷಾರ. ಕರುಳಿನಲ್ಲಿ ಕರಗಬೇಕಾದ ಹರಳು ಎಲೆಯ ಮೇಲೇ ಹಾಳಾಗುತ್ತದೆ. ಅಲ್ಲದೆ ಗುಲಾಬಿ ಕಾಯಿಕೊರಕಕ್ಕೆ ಈ ವೈರಸ್ ನಾಟುವುದೇ ಇಲ್ಲ, ಕಾಯಿ ಬಿಡಿಸಿ ಯಾವ ಹುಳು ಎಂದು ನೋಡಿಕೊಂಡೇ ಬಾಟಲಿ ಕೊಳ್ಳಿ.