ವಿಶುವಲ್ ಪ್ರೋಗ್ರಾಮಿಂಗ್ ಟೂಲ್ ಕಟ್ಟಿದವರು ಇದ್ದೀರಾ? ಅನುಭವ ಬೇಕು

ಹೊಸಬ_ಬೆಂಗಳೂರು
ನಾವಿಬ್ಬರು ಸ್ನೇಹಿತರು ಕೆಲಸ ಬಿಟ್ಟು, ಡೆವಲಪರ್‌ಗಳಿಗೆಂದೇ ಒಂದು ವಿಶುವಲ್ ಟೂಲ್ ಕಟ್ಟಲು ಹೊರಟಿದ್ದೇವೆ. ಒಂದೊಂದು ಕೆಲಸ ಮಾಡುವ ಬಾಕ್ಸ್, ಅಂದರೆ ನೋಡ್, ಎಳೆದು ವೈರ್ ಜೋಡಿಸಬೇಕು, ಬೇಕಾದವರು ತಮ್ಮದೇ ನೋಡ್ ಬರೆದು ಸೇರಿಸಿಕೊಳ್ಳಬೇಕು. ಬ್ಲಾಕ್ಲಿ (ಬ್ಲಾಕ್ ಅಂಟಿಸಿ ಪ್ರೋಗ್ರಾಂ ಮಾಡುವ ಲೈಬ್ರರಿ), ರಿಯಾಕ್ಟ್ ಫ್ಲೋ (ನೋಡ್-ವೈರ್ ಚಿತ್ರದ ಲೈಬ್ರರಿ), ವಿಎಸ್ ಕೋಡ್ ಎಡಿಟರ್‌ಗೆ ಎಕ್ಸ್‌ಟೆನ್ಶನ್: ಯಾವುದರಿಂದ ಶುರು ಮಾಡೋಣ? ಕೈಯಲ್ಲಿರುವ ದುಡ್ಡು ಆರು ತಿಂಗಳಿಗೆ ಬರುತ್ತದೆ.

ವೈರ್‌ಮ್ಯಾನ್_ಹುಬ್ಬಳ್ಳಿ
ಆರು ತಿಂಗಳದಾಗ ಏನೂ ಆಗೂದಿಲ್ರಿ. ನಾವು ಮೂರು ಮಂದಿ 19 ತಿಂಗಳು ತೊಗೊಂಡ್ವಿ, 31 ಲಕ್ಷ ಹೋತು. ಮೊದಲ ಎಸ್‌ವಿಜಿಯೊಳಗ ಬರದ್ವಿ, ಅದರಾಗ ಪ್ರತಿ ಬಾಕ್ಸು, ವೈರು ಬ್ರೌಸರ್‌ಗೆ ಬ್ಯಾರೆ ಬ್ಯಾರೆ ವಸ್ತು. 400 ನೋಡ್ ದಾಟಿದ ಕೂಡಲೇ ಬಾಕ್ಸ್ ಎಳದ್ರ ವೈರು ಅರ್ಧ ಸೆಕೆಂಡ್ ತಡಾ ಮಾಡಿ ಹಿಂದಿಂದ ಬರ್ತಿತ್ತು. ಎಲ್ಲಾ ಬರೇ ಪಿಕ್ಸೆಲ್ ಆಗಿ ಬರಿಯೂ ಕ್ಯಾನ್ವಾಸ್‌ಗೆ ಹೋದ್ವಿ. ವೇಗ ಬಂತು, ಆದ್ರ ಟೈಪ್ ಮಾಡೂ ಜಾಗ, ಟೆಕ್ಸ್ಟ್ ಸೆಲೆಕ್ಷನ್, ಕಾಪಿ-ಪೇಸ್ಟ್, ಎಲ್ಲಾ ನಾವ ಮತ್ತ ಕಟ್ಟಬೇಕಾತು. ನಾಲ್ಕು ತಿಂಗಳ ಪಗಾರ ಅದಕ್ಕ ಹೋತು.

ಅದಕ್ಕಿಂತ ದೊಡ್ಡ ಹೊಡತ ಫೈಲ್ ಫಾರ್ಮ್ಯಾಟ್‌ದು. ನೋಡ್ ಏನ್ ಮಾಡ್ತೈತಿ ಅನ್ನೂದನ್ನೂ ಪರದೆ ಮ್ಯಾಲೆ ಎಲ್ಲಿ ಕುಂತೈತಿ ಅನ್ನೂದನ್ನೂ ಒಂದ ಜೇಸನ್ (ಟೆಕ್ಸ್ಟ್) ಫೈಲ್‌ನ್ಯಾಗ ಇಟ್ಟಿದ್ವಿ. ಒಬ್ಬ ಚಂದ ಕಾಣ್ಲಿ ಅಂತ ಬಾಕ್ಸ್ ಸಾಲಾಗಿ ಜೋಡಿಸಿದ, ಇನ್ನೊಬ್ಬ ಅದ ದಿನ ಬಗ್ ಸರಿ ಮಾಡಿದ. ಗಿಟ್‌ನ್ಯಾಗ ಇಬ್ಬರ ಬದಲಾವಣೆ ಕೂಡಿಸೂ ಹೊತ್ತಿಗೆ (ಮರ್ಜ್) 1,140 ಸಾಲು ಕಾನ್‌ಫ್ಲಿಕ್ಟ್. ಗಿರಾಕಿ ಬಿಟ್ಟು ಹೋದ, 7 ಲಕ್ಷ ಬಾಕಿ ಇನ್ನೂ ಬಂದಿಲ್ಲ. ಲಾಜಿಕ್ ಒಂದು ಫೈಲು, ಜಾಗ ಇನ್ನೊಂದು ಫೈಲು. ಮೊದಲನೇ ದಿನಾನ ಮಾಡ್ರಿ.

ಕುಡ್ಲದ_ಕೋಡರ್
ಆ ಸಮಸ್ಯೆ ಬ್ಲಾಕ್ಲಿಯಲ್ಲಿ ಅಷ್ಟಾಗಿ ಬರುವುದಿಲ್ಲ ಮಾರಾಯ್ರೆ. ರಾಶಿಯ ತುದಿಯ ಬ್ಲಾಕಿಗೆ ಮಾತ್ರ ಎಕ್ಸ್-ವೈ ಬರೆಯುತ್ತದೆ, ಒಳಗಿನವು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಟೆಸ್ಟಿಂಗ್ ತಂಡಕ್ಕೆ ನಾನೊಬ್ಬಳೇ ಐದು ತಿಂಗಳಲ್ಲಿ ಕಟ್ಟಿಕೊಟ್ಟಿದ್ದೇನೆ, ಇವತ್ತಿಗೂ 60 ಜನ ಬಳಸುತ್ತಾರೆ. ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಮೊದಲು ಎಕ್ಸ್‌ಎಂಎಲ್‌ನಲ್ಲಿ ಉಳಿಸುತ್ತಿದ್ದೆ. 2021ರಲ್ಲಿ ಬ್ಲಾಕ್ಲಿಗೆ ಜೇಸನ್ ಬಂತು ಅಂತ 900 ಹಳೆಯ ಫೈಲು ಬದಲಾಯಿಸಲು ಹೋದೆ, ನನ್ನ ಸ್ಕ್ರಿಪ್ಟ್‌ನಲ್ಲಿ ಕಸ್ಟಮ್ ಬ್ಲಾಕ್‌ಗಳ ಮ್ಯುಟೇಶನ್, ಅಂದರೆ ಬ್ಲಾಕಿನ ಬದಲಾದ ಆಕಾರದ ಮಾಹಿತಿ, ಬಿಟ್ಟುಹೋಯಿತು. ಮೂರು ವಾರ ಕೂತು ಕೈಯಲ್ಲೇ ಸರಿ ಮಾಡಿದೆ.

ವೈರ್‌ಮ್ಯಾನ್_ಹುಬ್ಬಳ್ಳಿ
ಬ್ಲಾಕ್ ಅಂದ್ರ ಸ್ಕ್ರ್ಯಾಚ್. ಸಾಲಿ ಹುಡುಗರಿಗೆ ಛಲೋ. ಇಲ್ಲಿ ಕೇಳಿದ್ದು ಡೆವಲಪರ್‌ಗೆ.

ಕುಡ್ಲದ_ಕೋಡರ್
ನನ್ನ 60 ಜನರಲ್ಲಿ ಶಾಲೆಗೆ ಹೋಗುವವರು ಯಾರೂ ಇಲ್ಲ. ಬಳಸುವವರನ್ನು ಕೇಳದೆ ಹೀಗೆ ಮಾತಾಡಬೇಡಿ.

ಹಳೇ_ಲ್ಯಾಬ್_ಮೈಸೂರು
ನಾನು ಲ್ಯಾಬ್‌ವ್ಯೂನಲ್ಲಿ 14 ವರ್ಷ ದುಡಿದವನು. 1986ರಲ್ಲಿ ಮ್ಯಾಕಿಂತೋಷ್ ಮೇಲೆ ಬಂದ, ವೈರ್ ಜೋಡಿಸಿ ಪ್ರೋಗ್ರಾಂ ಮಾಡುವ ಟೂಲ್ ಅದು. ಎರಡು ಲೂಪ್ ಪಕ್ಕಪಕ್ಕ ಇಟ್ಟರೆ ಎರಡೂ ಒಟ್ಟಿಗೆ ಓಡುತ್ತವೆ, ಥ್ರೆಡ್ ಬರೆಯುವ ಗೋಜಿಲ್ಲ. ಅಂಥದ್ದನ್ನು ಟೆಕ್ಸ್ಟ್‌ನಲ್ಲಿ ಇಷ್ಟು ಸಲೀಸಾಗಿ ನಾನು ಎಲ್ಲೂ ಕಂಡಿಲ್ಲ. ಆದರೆ ಅದರ ಪ್ರೋಗ್ರಾಂ ಉಳಿಯುವ ವಿಐ ಫೈಲು ಬೈನರಿ, ಗಿಟ್‌ಗೆ ಅದರೊಳಗಿನದು ಏನೂ ಕಾಣದು. ನಿವೃತ್ತನಾಗುವ ವಾರ, ನನ್ನ ಜಾಗಕ್ಕೆ ಬಂದ ಹುಡುಗ ಒಂದು ಡಯಾಗ್ರಾಮ್ ತೆರೆದು ಬಲಕ್ಕೆ ಸ್ಕ್ರಾಲ್ ಮಾಡಿದ, ಮಾಡಿದ, ಮಾಡುತ್ತಲೇ ಇದ್ದ. ಮಾತಾಡಲಿಲ್ಲ. ಅದನ್ನು ಬರೆದವನು ನಾನೇ. ಒಂದು ಪರದೆಗೆ ಹಿಡಿಸದ್ದನ್ನು ಒಡೆದು ಸಬ್-ವಿಐ (ಒಳಗಿನ ಚಿಕ್ಕ ಪ್ರೋಗ್ರಾಂ) ಮಾಡಬೇಕಿತ್ತು, ಮಾಡಲಿಲ್ಲ. ಆ ನೋವು ಈಗಲೂ ಇದೆ.

ಟೆಕ್ಸ್ಟ್_ಮೊದಲು
ನಾವು ಟೆಕ್ಸ್ಟನ್ನೇ ಮೂಲ ಮಾಡಿಕೊಂಡೆವು. ಕೋಡ್‌ನ ರಚನೆ ಬಿಡಿಸುವ ಟ್ರೀ-ಸಿಟರ್‌ನಿಂದ ಕೋಡ್ ಓದಿ ಚಿತ್ರ ಬರೆಸುವುದು, ಗಿಟ್ ತಂಟೆಯೇ ಇಲ್ಲ. ಕಷ್ಟ ಲೇಔಟ್‌ನದು. ಒಂದು ಇಫ್ ಸೇರಿಸಿದರೆ ಬಾಕ್ಸ್‌ಗಳೆಲ್ಲ ಜಾಗ ಬದಲಿಸಿಬಿಡುತ್ತಿದ್ದವು. "ಎಡಗಡೆ ಕೆಳಗಿತ್ತಲ್ಲ, ಎಲ್ಲಿ ಹೋಯ್ತು?" ಅಂತ ದಿನಾ ಫೋನು.

ಇನ್ನೊಂದು ಖರ್ಚು ಯಾರೂ ಹೇಳುವುದಿಲ್ಲ. ಮೊದಲು ಎಲೆಕ್ಟ್ರಾನ್‌ನಲ್ಲಿ ಡೆಸ್ಕ್‌ಟಾಪ್ ಆ್ಯಪ್ ಮಾಡಿದ್ದೆವು. 2023ರ ಜೂನ್‌ನಿಂದ ಆ್ಯಪ್ ನಮ್ಮದೇ ಎಂದು ಸಹಿ ಹಾಕುವ ವಿಂಡೋಸ್ ಕೋಡ್ ಸೈನಿಂಗ್ ಕೀ ಹಾರ್ಡ್‌ವೇರ್‌ನಲ್ಲೇ ಇರಬೇಕು. ಯುಎಸ್‌ಬಿ ಟೋಕನ್ ಬರಲು 23 ದಿನ, ಬಂದ ಮೇಲೆ ನೋಡಿದರೆ ನಮ್ಮ ಬಿಲ್ಡ್ ಯಂತ್ರ ಕ್ಲೌಡ್‌ನಲ್ಲಿ, ಚುಚ್ಚುವುದೆಲ್ಲಿ? ಆ್ಯಪಲ್ ಖಾತೆಗೆ ವರ್ಷಕ್ಕೆ 99 ಡಾಲರ್ ಬೇರೆ. ವಿಎಸ್ ಕೋಡ್ ಎಕ್ಸ್‌ಟೆನ್ಶನ್‌ಗೆ ಬಂದ ಮೇಲೆ ಆ ಕಾಟ ತಪ್ಪಿತು.

ಹೊಸಬ_ಬೆಂಗಳೂರು
ಬಳಕೆದಾರರೇ ಬರೆದ ನೋಡ್‌ಗಳನ್ನು ಎಲ್ಲಿ ಓಡಿಸಿದಿರಿ?

ವೈರ್‌ಮ್ಯಾನ್_ಹುಬ್ಬಳ್ಳಿ
ನೋಡ್-ರೆಡ್ ಅನ್ನೂ ವೈರ್ ಟೂಲ್ ನೋಡಿ ನಾವೂ ಎಲ್ಲಾ ಒಂದ ಪ್ರೊಸೆಸ್‌ನ್ಯಾಗ ಹಾಕಿದ್ವಿ. ಗಿರಾಕಿ ಬರೆದ ಒಂದು ನೋಡ್‌ನ್ಯಾಗ ಯಾವ ಕೋಡೂ ಹಿಡೀದ ಎರರ್ ಬಂತು, ರಾತ್ರಿ 2 ಗಂಟೆಕ್ಕ ಇಡೀ ಸರ್ವರ್ ಮಲಗಿತು. ಬ್ಯಾರೆ ಪ್ರೊಸೆಸ್ ಮಾಡ್ಲಿಕ್ಕೆ ಆರು ವಾರ. ಪೋರ್ಟ್‌ಗೆ (ನೋಡ್‌ಗೆ ವೈರ್ ಸೇರೂ ಜಾಗಕ್ಕ) ಹೆಸರಿನ ಮ್ಯಾಲೆ ವೈರ್ ಕಟ್ಟಬ್ಯಾಡ್ರಿ, ಐಡಿ ಕೊಡ್ರಿ. ಒಬ್ಬ "ಇನ್‌ಪುಟ್" ಅನ್ನೂದನ್ನ "ಕನ್ನಡ ಪಠ್ಯ" ಅಂತ ಬದಲಿಸಿದ, ಹಳೇ ವೈರೆಲ್ಲಾ ಕಳಚಿ ಬಿದ್ವು.

ಟೆಕ್ಸ್ಟ್_ಮೊದಲು
ಡೆವಲಪರ್ ಟೂಲ್‌ಗೆ ಕನ್ನಡ ಲೇಬಲ್ ಯಾಕೆ? ಸುಮ್ಮನೆ ಕೆಲಸ ಹೆಚ್ಚು.

ಕುಡ್ಲದ_ಕೋಡರ್
ಯಾಕೆ ಅಂದರೆ ನಮ್ಮ ತಂಡ ಕೇಳಿತು. ಕೆಲಸ ಹೆಚ್ಚು ಅನ್ನುವುದು ನಿಜ: ಬ್ಲಾಕಿನ ಎತ್ತರ ಇಂಗ್ಲಿಷ್ ಫಾಂಟಿಗೆ ಅಳತೆ ಮಾಡಿದ್ದೆ, "ಪಟ್ಟಿ" ಅಂತ ಬರೆದರೆ ಟ-ದ ಒತ್ತು ಕತ್ತರಿಸಿ ಬರೇ "ಪಟಿ" ಕಾಣುತ್ತಿತ್ತು. 6 ಪಿಕ್ಸೆಲ್ ಕೆಳಗೆ ಬಿಟ್ಟೆ, "ಸ್ತ್ರೀ" ಬಂದಾಗ ಅದೂ ಸಾಲಲಿಲ್ಲ, 11 ಮಾಡಿದೆ. ಎರಡು ದಿನದ ಕೆಲಸ. ಅದನ್ನು ಸುಮ್ಮನೆ ಅನ್ನಬೇಡಿ.